ಅಯಸ್ಕಾಂತ ಕಚ್ಚಿದ ಚೂರಿ

ನಾಗಪತಿ ಭಟ್ಟರ ಮಾನ ಹೋದದ್ದು ಒಂದು ಕುಂಬಳಕಾಯಿಯಿಂದ. ಯಲ್ಲಾಪುರದ ಅವರ ಕೇರಿಯಲ್ಲಿ ಯಾರ ಮನೆಯಲ್ಲಿ ಊಟವಿದ್ದರೂ ಹಿಂದಿನ ದಿನ ನೆರೆಯವರೆಲ್ಲ ತಂತಮ್ಮ ಚೂರಿ ಹಿಡಿದು ತರಕಾರಿ ಹೆಚ್ಚಲು ಸೇರುತ್ತಾರೆ. ಇಡೀ ಕುಂಬಳಕಾಯಿಗೆ ಮೊದಲು ಚೂರಿ ಹಾಕುವುದು ಗಂಡಸಿನ ಕೆಲಸ; ಅದೊಂದು ಮರ್ಯಾದೆ. ಹೋದ ವರ್ಷ ಆ ಮರ್ಯಾದೆ ಭಟ್ಟರಿಗೆ ಸಿಕ್ಕಿತ್ತು. ಮೊಂಡು ಚೂರಿ ಜಾರಿತು, ಕಾಯಿ ಉರುಳಿತು, ಮಜ್ಜಿಗೆ ಪಾತ್ರೆ ಮಗುಚಿತು. ಅಂದಿನಿಂದ ಅವರನ್ನು ಮಕ್ಕಳ ಜೊತೆ ಕೊತ್ತಂಬರಿ ಸೋಸಲು ಕೂರಿಸುತ್ತಿದ್ದರು. ಐವತ್ತೆರಡು ವರ್ಷದ, ಸೊಸೈಟಿಯ ಮ್ಯಾನೇಜರ್ ಮನುಷ್ಯನಿಗೆ ಈ ಗತಿ!

ಈ ಸಲದ ಊಟ ಪಕ್ಕದ ಮನೆಯ ಅಂದಾನಪ್ಪನವರಲ್ಲಿ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದ ಅವರು ಮನೆಗೊಂದು ಮಹಡಿ ಎಬ್ಬಿಸಿದ್ದರು. ನಾಳೆ ಅದರ ಪ್ರವೇಶ. ಭಟ್ಟರು ನಿನ್ನೆಯೇ ಶಿರಸಿಗೆ ಹೋಗಿ ಸ್ಟೇನ್‌ಲೆಸ್ ಸ್ಟೀಲಿನ ದೊಡ್ಡ ಚೂರಿ ತಂದಿದ್ದರು. ಬೆಳಿಗ್ಗೆ ಜಗುಲಿಯಲ್ಲಿ ಕಾಗದ ಹಿಡಿದು ಕೊಯ್ದರು. ಸರ್ರನೆ ಎರಡು ಹೋಳಾಯಿತು.

"ನೋಡೇ ದೇವಕಿ, ಇವತ್ತು ಕುಂಬಳಕಾಯಿಗೆ ಮೊದ್ಲ ಚೂರಿ ಯಂದೇಯ!"

"ಬೆರಳೊಂದು ಕೊಯ್ಕಳ್ದೇ ಇದ್ರೆ ಸಾಕು," ಎಂದಳು ಹೆಂಡತಿ ಒಳಗಿಂದಲೇ.

ಅಷ್ಟರಲ್ಲಿ ಅಂದಾನಪ್ಪನವರು ಗೇಟು ತೆರೆದು ಬಂದರು. "ಹೊಸಾದೇನ್ರಿ ಭಟ್ರ? ಕೊಡ್ರಿ ಇಲ್ಲಿ." ಬಿದ್ದ ನಟ್ಟು ಬೋಲ್ಟು ಹುಡುಕಲು ಡಿಪೋದಲ್ಲಿ ಇಟ್ಟುಕೊಳ್ಳುತ್ತಿದ್ದ ಅಯಸ್ಕಾಂತ ಇನ್ನೂ ಅವರ ಜೇಬಿನಲ್ಲೇ ಇತ್ತು. ತೆಗೆದು ಚೂರಿಗೆ ಹಿಡಿದರು. ಠಪ್ಪನೆ ಕಚ್ಚಿತು.

"ಅಯ್ಯ ಶಿವನ! ಸ್ಟೀಲಿಗೆ ಎಲ್ಲ್ಯಾರ ಅಯಸ್ಕಾಂತ ಹಿಡಿತೈತೇನ್ರಿ? ಕಬ್ಬಿಣಕ್ಕ ಪಾಲಿಶ್ ಹೊಡದು ಕೊಟ್ಟಾರ ನಿಮಗ!"

ಭಟ್ಟರು ಓಡಿ ಹೋಗಿ ಅಡುಗೆಮನೆಯ ಲೋಟ, ತಟ್ಟೆ ತಂದರು. ಅಯಸ್ಕಾಂತ ಅವನ್ನು ಮೂಸಿಯೂ ನೋಡಲಿಲ್ಲ. ಎದುರುಮನೆಯ ನೇತ್ರಾ ಟೀಚರ್ ಗೇಟಿನಲ್ಲೇ ನಿಂತು, "ಆನ್‌ಲೈನಲ್ಲಿ ತರ್ಸಬೇಕಿತ್ತಪ್ಪ," ಎಂದು ಗಾಯಕ್ಕೆ ಉಪ್ಪು ಸವರಿದರು. ಭಟ್ಟರ ನೆತ್ತಿಗೆ ಪಿತ್ತ ಏರಿತು.

"ಆ ಅಂಗಡಿಯವನ್ನ ಬಿಡ್ತ್ನಿಲ್ಲೆ ಆನು! ಅಂದಾನಪ್ಪನವ್ರೇ, ಆ ಅಯಸ್ಕಾಂತ ಕೊಡಿ."

"ಒಯ್ರಿ, ಒಯ್ರಿ. ಲಗೂ ಹೋಗ್ರಿ, ಒಂಬತ್ತರ ಬಸ್ ಸಿಗತೈತಿ."

ಶಿರಸಿಯ ಪಾತ್ರೆ ಅಂಗಡಿಯ ಕಲ್ಲಯ್ಯ ತಾಳ್ಮೆಯ ಮನುಷ್ಯ. "ಚೂರಿಯ ಸ್ಟೀಲೇ ಬೇರೆ ಭಟ್ರೇ. ಕೆಂಪಗೆ ಕಾಸಿ, ಎಣ್ಣೆಗೆ ಅದ್ದಿ ಗಟ್ಟಿ ಮಾಡಿರ್ತಾರೆ. ಲೋಟದ ಸ್ಟೀಲನ್ನ ಎಷ್ಟು ಕಾಸಿದ್ರೂ ಆ ಗಟ್ಟಿತನ ಬರೂದಿಲ್ಲ. ಆಪರೇಶನ್ ಕತ್ತರಿನೂ ಇದೇ ಜಾತಿ. ಅಯಸ್ಕಾಂತ ಹಿಡದೇ ಹಿಡೀತದೆ. ತೊಳದ ಮೇಲೆ ಒರೆಸಿಡಿ ಅಷ್ಟೆ, ಇಲ್ದಿದ್ರೆ ಕಲೆ ಬೀಳ್ತದೆ."

"ಕಲೆ ಬೀಳ್ತದಾ? ಸಿಕ್ಕಿಬಿದ್ರಿ ನೋಡಿ! ಸ್ಟೀಲಿಗೆ ಎಂತಾ ಕಲೆ?"

ಭಟ್ಟರು ಅಂಗಡಿಯ ಚೂರಿಗಳನ್ನೆಲ್ಲ ಒಂದೊಂದಾಗಿ ಪರೀಕ್ಷೆಗೆ ಕೂರಿಸಿದರು. ಎಲ್ಲಕ್ಕೂ ಅಯಸ್ಕಾಂತ ಅಂಟಿತು. ಕೊನೆಗೆ ಮೂಲೆಯಲ್ಲಿದ್ದ, ಫಳಫಳ ಹೊಳೆಯುವ ಒಂದಕ್ಕೆ ಮಾತ್ರ ಅಂಟಲಿಲ್ಲ.

"ಅದು ಕೇಕ್ ಕೊಯ್ಯೂದು ಭಟ್ರೇ."

"ಕೇಕ್ ಕೊಯ್ದಿದ್ದು ಕುಂಬಳಕಾಯಿ ಕೊಯ್ಯೂದಿಲ್ವಾ? ಇದೇ ಅಸಲಿ, ಬದಲಿಗೆ ಇದನ್ನೇ ಕೊಡಿ!" ಎಂದು ಗೆದ್ದ ಠೀವಿಯಲ್ಲಿ ಬಸ್ ಹತ್ತಿದರು.

ಸಂಜೆ ಅಂದಾನಪ್ಪನವರ ಅಂಗಳದಲ್ಲಿ ಇಪ್ಪತ್ತು ಜನ ಸೇರಿದ್ದರು. "ಮೊದಲ ಚೂರಿ ಭಟ್ರು ಹಾಕ್ಲಿ," ಎಂದು ಯಜಮಾನರೇ ಕುಂಬಳಕಾಯಿ ಮುಂದಿಟ್ಟರು. ಭಟ್ಟರಿಗೆ ಕಣ್ಣು ತುಂಬಿ ಬಂತು. ಪಂಚೆ ಎತ್ತಿ ಕಟ್ಟಿ, ದೇವರನ್ನು ನೆನೆದು ಒತ್ತಿದರು. ಚೂರಿ ಬಿಸಿ ಹಪ್ಪಳದ ಹಾಗೆ ಬಾಗಿತು. ಕಾಯಿಯ ಸಿಪ್ಪೆಗೆ ಒಂದು ಗೀರೂ ಬೀಳಲಿಲ್ಲ. ಅಂಗಳವೆಲ್ಲ ಗೊಳ್ಳೆಂದಿತು.

"ಅತ್ತಾಗ ಸರೀರಿ ಸ್ವಲ್ಪ," ಎಂದು ಅಂದಾನಪ್ಪನವರು ಕಾಗದ ಬಿಚ್ಚಿ ಬೇರೊಂದು ಚೂರಿ ತೆಗೆದರು. ಒಂದೇ ಒತ್ತಿಗೆ ಕುಂಬಳಕಾಯಿ ಎರಡು ಹೋಳಾಯಿತು. ಜನ ಭೇಷ್ ಅಂದರು. ಭಟ್ಟರು ಹತ್ತಿರ ಹೋಗಿ ನೋಡಿದರು. ಅದೇ ಕರಿ ಹಿಡಿಕೆ, ಅದೇ ಉದ್ದ.

"ಇದು ನನ್ನ ಚೂರಿ! ಬೆಳಿಗ್ಗೆ ನೀವೇ ಕಬ್ಬಿಣ ಅಂದ್ರಲ್ಲ ಮಾರಾಯ್ರೇ!"

ಅಂದಾನಪ್ಪನವರು ಚೂರಿಯನ್ನು ತೊಳೆದು, ಟವೆಲ್ಲಿನಿಂದ ನೀಟಾಗಿ ಒರೆಸುತ್ತ ದನಿ ತಗ್ಗಿಸಿದರು. "ಮೂವತ್ತು ವರ್ಷ ಡಿಪೋದಾಗ ದುಡದೀನ್ರಿ, ಸ್ಟೀಲ್ ಯಾವ್ದು ಕಬ್ಬಿಣ ಯಾವ್ದು ನನಗ ಗೊತ್ತಿಲ್ಲೇನು? ನಿನ್ನೆ ನಾನೂ ಕಲ್ಲಯ್ಯಗ ಫೋನ್ ಹಚ್ಚಿದ್ದೆ. ಈ ಅಳತೀದು ಕಡೀದೊಂದಿತ್ತು, ನಿಮ್ಮೂರ ನಾಗಪತಿ ಭಟ್ರು ಒಯ್ದ್ರು ಅಂದ. ಇವತ್ತು ನೀವು ತಿರುಗಿ ಕೊಟ್ಟ ಮ್ಯಾಲೆ ನಮ್ಮ ಅಳಿಯ ಹೋಗಿ ತಂದ. ಇಲ್ಲಂದ್ರ ನನಗೆಲ್ಲಿ ಸಿಗತಿತ್ತು, ನೀವ ಹೇಳ್ರಿ?"