ನಾದಿನಿಯೂ ಟಿವಿ ವೈರಿನ ನಡಾವಳಿಯೂ

ನನ್ನ ನಾದಿನಿಗೆ ತಲೆ ಕೆಟ್ಟಿಲ್ಲ. ಈ ಮಾತನ್ನು ಮಳವಳ್ಳಿಯ ಅರ್ಧ ಊರಿಗೆ ನಾನೇ ಖುದ್ದಾಗಿ ಹೇಳಿ ನಂಬಿಸಿದ್ದೇನೆ. ಉಳಿದರ್ಧಕ್ಕೆ ಹೇಳುವಷ್ಟು ಧೈರ್ಯ ನನಗೇ ಸಾಲದು!

ಹೈಸ್ಕೂಲಿನಲ್ಲಿ ಮ್ಯಾಥ್ಸ್ ಹೇಳಿಕೊಟ್ಟು ರಿಟೈರ್ ಆದವಳು. ಈಗ ಮನೆಯಲ್ಲಿ ಕೂತು ಕಂಪ್ಯೂಟರಿಗೆ ಪ್ರೋಗ್ರಾಂ ಬರೆದು ಲೋಕಕ್ಕೆಲ್ಲ ಪುಕ್ಕಟೆ ಹಂಚುತ್ತಾಳೆ. ಅದು ಓಪನ್ ಸೋರ್ಸ್ ಅಂತೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು.

"ಅಂದ್ರೆ ಲೈಬ್ರರಿನೇನೇ?" ಅಂದೆ.

"ಲೈಬ್ರರೀಲಿ ಪುಸ್ತಕದ ಮೇಲೆ ಗೀಚಿದ್ರೆ ಬೈತಾರೆ ಅತ್ತಿಗೆ, ಇಲ್ಲಿ ಗೀಚದೇ ಇದ್ರೆ ಬೈತಾರೆ."

ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಇದನ್ನು ಕೇಳಿದ್ದರೆ ಫೇಂಟ್ ಆಗುತ್ತಿದ್ದರು!

ಈ ಸಲದ ಗಲಾಟೆ ಒಂದು ವೈರಿನದು. ಕಂಪ್ಯೂಟರಿನಿಂದ ಟಿವಿಗೆ ಸಿಕ್ಕಿಸುತ್ತಾರಲ್ಲ, ಅದು. ಹೊಸ ನಮೂನೆಯ ವೈರು ಹಾಕಿದರೆ ಇವಳ ಪ್ರೋಗ್ರಾಮಿನಲ್ಲಿ ಚಿತ್ರ ಕಣ್ಣು ಮಿಟುಕಿಸುತ್ತಿತ್ತು. ವೈರಿನೊಳಗೆ ಏನು ಹೇಗೆ ಹರಿಯಬೇಕು ಅಂತ ನಿಯಮ ಮಾಡಲು ಫಾರಿನ್ನಿನಲ್ಲಿ ಕಂಪನಿಗಳದೇ ಒಂದು ಕೂಟವಿದೆ. ನಿಯಮದ ಪುಸ್ತಕ ಮೆಂಬರುಗಳಿಗೆ ಮಾತ್ರ. ಮೆಂಬರುಗಳೂ ಹೊರಗೆ ಬಾಯಿ ಬಿಡಬಾರದು! ನಿಯಮವನ್ನೇ ಬಚ್ಚಿಟ್ಟರೆ ಪಾಲಿಸುವುದು ಹೇಗೆ? ಐ ವಾಸ್ ಕಂಪ್ಲೀಟ್ಲಿ ಲಾಸ್ಟ್.

ಇವಳು ಊಹಿಸಿ, ತಿದ್ದಿ, ಮತ್ತೆ ಊಹಿಸಿ, ಎಂಟು ತಿಂಗಳಿಗೆ ಒಂದು ಉತ್ತರ ಬರೆದಳು. ಮಿಟುಕುವುದು ನಿಂತಿತು. ಆದರೆ ಉತ್ತರ ಸರಿಯೋ, ಬರೀ ಅದೃಷ್ಟವೋ? ಪುಸ್ತಕಕ್ಕೆ ತಾಳೆ ನೋಡದೆ ಯಾರೂ ಹೇಳುವಂತಿಲ್ಲ. ನಾನೂ ಮೆಂಬರಾಗುತ್ತೇನೆ ಅಂತ ಹಟ ಹಿಡಿದಳು. ಫಾರ್ಮಿನ ಮೊದಲ ಪ್ರಶ್ನೆಯೇ, ನಿಮ್ಮ ಸಂಸ್ಥೆ ಯಾವುದು?

ಬೀದಿಯ ಹೆಂಗಸರ ಸ್ವಸಹಾಯ ಸಂಘ ಅಂತ ಬರೆದೇಬಿಟ್ಟಳು! ಸುಳ್ಳಾಗಬಾರದಲ್ಲ, ಅದಕ್ಕೆ ಮಂಗಳವಾರದ ಸಭೆಯಲ್ಲಿ ವಿಷಯ ಇಟ್ಟಳು.

"ವೈರು ನಮ್ಗ್ಯಾಕೆ ಮೇಡಮ್ಮೋರೆ? ಕರೆಂಟೇ ಇರಕ್ಕಿಲ್ಲ," ಅಂದರು ಅಧ್ಯಕ್ಷೆ. ಬೆಳಕವಾಡಿಯ ಕಡೆಯವರು, ಮಾತು ಖಡಕ್ಕು.

"ಅವ್ರು ನಿಯಮದ ಪುಸ್ತಕ ತೋರಿಸ್ತಿಲ್ಲ ಕಣ್ರೀ."

"ತೋರ್ಸಕ್ಕಿಲ್ವಾ? ನಮ್ ನಡಾವಳಿ ಪುಸ್ತಕವ ಬ್ಯಾಂಕ್ನೋರು ಬಂದ್ರೂ ತೋರಿಸ್ತೀವಿ, ಬೀಗ್ರು ಬಂದ್ರೂ ತೋರಿಸ್ತೀವಿ! ಅದೆಂಥಾ ಸಂಗ ಕಣಮ್ಮ ಅವ್ರ್ದು? ಬರ್ಕೊಳಿ, ನಾನೇ ಸೂಚಕಿ!"

ಅನುಮೋದಕಿಯೂ ಸಿಕ್ಕಳು. ಇಂಗ್ಲಿಷ್ ಬರುತ್ತದೆಂಬ ತಪ್ಪಿಗೆ, ಮದ್ದೂರಿನಿಂದ ನಾಲ್ಕು ದಿನ ಇದ್ದು ಹೋಗಲು ಬಂದ ನಾನು ಅನುವಾದಕಿ! ಸರ್ವಾನುಮತದ ನಿರ್ಣಯ, ಸಂಘದ ಸೀಲು, ಮೂರು ಹೆಬ್ಬೆಟ್ಟು, ಎಲ್ಲವೂ ಸ್ಕ್ಯಾನ್ ಆಗಿ ಹೋಯಿತು.

ಉತ್ತರ ಬಂತು. ವೆರಿ ಪೊಲೈಟ್. ಸದಸ್ಯತ್ವ ತಯಾರಕರಿಗೆ ಮಾತ್ರ. ತಮ್ಮ ಸಂಸ್ಥೆ ಏನನ್ನು ತಯಾರಿಸುತ್ತದೆ?

"ಹಪ್ಳ," ಅಂದರು ಅಧ್ಯಕ್ಷೆ. "ಬರೀರಿ, ಅದ್ರಲ್ಲೇನು ನಾಚ್ಕೆ?"

ಬರೆದೆವು. ಮರುದಿನವೇ 'ಇಲ್ಲ' ಅಂತ ಬಂತು.

ನಾದಿನಿ ಅವತ್ತು ಕಾಫಿಯನ್ನೂ ಮುಟ್ಟಲಿಲ್ಲ. ನಗಿಸೋಣವೆಂದು, "ಚಿತ್ರ ಮಿಟುಕೋದು ನಿಂತಿದೆಯಲ್ಲೇ, ನಿನಗಿನ್ನೇನು ಬೇಕು?" ಅಂದೆ.

ಅವಳು ಟಿವಿಯನ್ನೇ ನೋಡುತ್ತಿದ್ದಳು. "ಮೂವತ್ತು ವರ್ಷ ಊರ ಮಕ್ಕಳ ಉತ್ತರವೆಲ್ಲ ನೋಡ್ದೆ ಅತ್ತಿಗೆ. ನನ್ನ ಉತ್ತರ ಸರೀನಾ ಅಂತ ನೋಡೋರು ಒಬ್ರೂ ಇಲ್ವಲ್ಲ."

ನಮ್ಮವರು ಬದುಕಿದ್ದರೆ ತಂಗಿಯನ್ನು ಹೇಗೆ ಸಮಾಧಾನ ಮಾಡುತ್ತಿದ್ದರೋ! ನನಗೆ ಬರುವುದು ರೀಡಿಂಗ್ ಒಂದೇ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಕನ್ನಡಕ ಒರೆಸಿಕೊಂಡು ಅವಳ ಪ್ರೋಗ್ರಾಮಿನ ಮೊದಲ ಸಾಲನ್ನು ಗಟ್ಟಿಯಾಗಿ ಓದಿದೆ. ಅದು ಯಾಕೆ ಹಾಗೆ ಅಂತ ಅವಳು ವಿವರಿಸಿದಳು. ತಲೆಯಾಡಿಸಿ ಎರಡನೆಯದನ್ನು ಓದಿದೆ. ನನಗೆ ಒಂದೂ ಅರ್ಥವಾಗಲಿಲ್ಲ. ಬಿಡದೆ ಓದಿದೆ.

ಎಷ್ಟನೆಯ ಸಾಲೋ, ಅವಳು ನನ್ನ ಕೈ ಹಿಡಿದಳು.

"ತಡೀರಿ ಅತ್ತಿಗೆ. ಇಲ್ಲೊಂದು ತಪ್ಪಿದೆ!"

ಅಷ್ಟು ಸಂತೋಷದ ಮುಖವನ್ನು ನಾನು ಆ ಮನೆಯಲ್ಲಿ ನೋಡಿ ಎಷ್ಟು ಕಾಲವಾಗಿತ್ತೋ.