ಮರ್ಯಾದಸ್ಥ ಎಂಜಿನ್ನು

ನೀರು ಹಿಡಿಯುವುದು, ಹಾಲು ಕಾಯಿಸುವುದು, ಅತ್ತೆಯ ಮಾತ್ರೆ ಎತ್ತಿಡುವುದು, ಗಂಡನ ಅಂಗಿಗೆ ಇಸ್ತ್ರಿ, ಎಲ್ಲರ ಡಬ್ಬಿಗೆ ಊಟ, ರಾತ್ರಿ ನೆನೆಹಾಕಿದ ಪಾತ್ರೆ. ಇಷ್ಟೂ ಬೆಳಕು ಹರಿಯುವ ಮೊದಲೇ ಮುಗಿಯಬೇಕು. ಇದರ ಮೇಲೆ ಲೆಕ್ಕದ ಮೇಡಂ ಈಚೆಗೆ ಇನ್ನೊಂದು ಕೆಲಸ ಮೈಮೇಲೆ ಎಳೆದುಕೊಂಡಿದ್ದಳು: ಚೆಸ್ ಆಡುವ ಎಂಜಿನ್, ಅಂದರೆ ಕಂಪ್ಯೂಟರ್ ಪ್ರೋಗ್ರಾಮ್, ಬರೆಯುವುದು!

"ಪ್ರೋಗ್ರಾಮಿಂಗ್ ಕಲಿಯೋದಾದ್ರೆ ಕೂಡೋ ಕಳೆಯೋ ಪುಟಗೋಸಿ ಪ್ರೋಗ್ರಾಮ್ ಯಾಕೆ? ನನ್ನ ಎಂಜಿನ್ ಲೋಕವನ್ನೇ ಮಣಿಸ್ಬೇಕು!" ಎಂದು ಸ್ಟಾಫ್ ರೂಮಿನಲ್ಲಿ ಸಾರಿಯೂ ಬಿಟ್ಟಿದ್ದಳು.

ಮನೆಯಲ್ಲಿ ಮಾತ್ರ ಅನುಮಾನದ ಗಾಳಿ ಎದ್ದಿತು.

"ಕತ್ತಲಲ್ಲಿ ಕೂತು ಟಕಟಕ ಅಂತ ಯಾರ ಹತ್ರ ಮಾತಾಡ್ತೀಯೇ?" ಎಂದರು ಅತ್ತೆ.

"ಮಿಷನ್ ಹತ್ರ, ಅತ್ತೆ."

"ಅದು ತಿರುಗಿ ಮಾತಾಡುತ್ತಾ?"

"ಎಲ್ಲದಕ್ಕೂ ತಪ್ಪು, ತಪ್ಪು ಅನ್ನುತ್ತೆ."

"ಹಾಗಾದ್ರೆ ಇನ್ನೊಬ್ಬಳು ಅತ್ತೆ ಸಿಕ್ಕಿದ್ಲು ಬಿಡು!"

ಅಂತೂ ಎಂಜಿನ್ ಸಿದ್ಧವಾಯಿತು. ವಿಮಾ ಕಚೇರಿಯ ಗುಮಾಸ್ತನಾದ ಗಂಡ ಹಲ್ಲುಜ್ಜುತ್ತಲೇ ಬಂದು ಕೂತ, ಆಡಿದ, ಗೆದ್ದ. ಮರುದಿನವೂ ಗೆದ್ದ. ಗೆಲ್ಲುತ್ತಲೇ ಹೋದ! ಕಚೇರಿಯಲ್ಲಿ 'ಕಂಪ್ಯೂಟರನ್ನೇ ಮಣ್ಣುಮುಕ್ಕಿಸಿದ ಗಂಡು' ಎಂದು ಹೆಸರಾದ. ಶಿಳ್ಳೆ ಹಾಕಲು ಶುರುಮಾಡಿದ. ಮದುವೆಯಾದಾಗಿನಿಂದ ಮೊದಲ ಬಾರಿಗೆ ತನ್ನ ಲೋಟ ತಾನೇ ತೊಳೆದ!

"ಭಾನುವಾರ ಆಫೀಸಿನೋರು ಆಟ ನೋಡೋಕೆ ಬರ್ತಾರೆ ಕಣೇ," ಎಂದ. "ಅವತ್ತೂ ನಿನ್ನ ಎಂಜಿನ್ ಸೋತ್ರೆ ಈ ಹುಚ್ಚಾಟ ಸಾಕು. ಲ್ಯಾಪ್‌ಟಾಪ್ ನನ್ನ ತಂಗಿಗೆ ಕೊಡೋಣ."

"ಗೆದ್ರೆ ಏನ್ರೀ?"

ಅವನು ನಕ್ಕ ರಭಸಕ್ಕೆ ಚಹಾ ಮೂಗಿಗೇರಿತು.

ಮೇಡಂಗೆ ಅನುಮಾನ ಹತ್ತಿತು. ರಾಜ ಯಾರು, ರಾಣಿ ಯಾರು ಎಂದು ಇಂದಿಗೂ ತಡಕಾಡುವ ಈ ಮನುಷ್ಯ ಗೆಲ್ಲುವುದೆಂದರೇನು? ತಾನಿಲ್ಲದಾಗ ಪ್ರೋಗ್ರಾಮ್ ತಿದ್ದುತ್ತಾನೋ? ಪಾಸ್‌ವರ್ಡ್ ಬದಲಿಸಿದಳು. ಗೆದ್ದ. ಫೋನಿನಲ್ಲಿ ಯಾರಾದರೂ ಹೇಳಿಕೊಡುತ್ತಾರೋ? ಫೋನು ಬಚ್ಚಿಟ್ಟಳು. ಇನ್ನೂ ಬೇಗ ಗೆದ್ದ!

ಕೊನೆಗೆ ಅತ್ತೆಯನ್ನೇ ಕೂರಿಸಿದಳು.

"ನಂಗೆ ಕುದುರೆ ಯಾವ್ದು ಕತ್ತೆ ಯಾವ್ದು ಗೊತ್ತಿಲ್ವೇ!"

"ಯಾವ್ದನ್ನಾದ್ರೂ ಒತ್ತಿ ಅತ್ತೆ. ತಪ್ಪಿದ್ರೆ ಅದೇ ಬೇಡ ಅನ್ನುತ್ತೆ."

ಅತ್ತೆ ಕನ್ನಡಕವನ್ನೂ ಹಾಕದೆ ಒತ್ತುತ್ತಾ ಹೋದರು. ಎಂಜಿನ್ ತನ್ನ ರಾಣಿಯನ್ನು ತಂದು ಅವರ ಸಿಪಾಯಿಯ ಬಾಯಿಗಿಟ್ಟಿತು. ಆನೆ, ಕುದುರೆಗಳನ್ನು ಬಡಿಸಿತು. ಆಮೇಲೆ ರಾಜನೇ ನಡೆದು ಬಂದು ಸಿಕ್ಕಿಬಿದ್ದ.

"ಎಂಥಾ ಮರ್ಯಾದಸ್ಥ ಮಿಷನ್ನೇ ಇದು! ಕೇಳೋ ಮೊದ್ಲೇ ಎದ್ದು ಜಾಗ ಬಿಡುತ್ತೆ!"

ಮೇಡಂ ಸಾಲುಸಾಲಾಗಿ ಹುಡುಕಿದಳು. ಎದುರಾಳಿಗೆ ಬರುವ ಲಾಭದ ಅಂಕಿಗೆ ಒಂದು ಮೈನಸ್ ಹಾಕಿ, ಅದು ತನ್ನ ನಷ್ಟವೆಂದು ಎಂಜಿನ್‌ಗೆ ತಿಳಿಸಬೇಕಿತ್ತು. ಆ ಮೈನಸ್ಸನ್ನೇ ಹಾಕಿರಲಿಲ್ಲ! ಎದುರಿನವರಿಗೆ ಅನುಕೂಲವಾದದ್ದೇ ತನಗೂ ಒಳ್ಳೆಯದೆಂದು ನಂಬಿ ಆ ಬಡಪಾಯಿ ಮೈಮುರಿದು ದುಡಿದಿತ್ತು. ಅವಳಿಗೆ ಮೊದಲು ನಗು ಬಂತು. ಅಡುಗೆಮನೆಯ ಕಡೆ ಕಣ್ಣು ಹೋದಾಗ ನಗು ನಿಂತಿತು.

"ಸರಿ ಮಾಡ್ಬೇಡ ಕಣೇ," ಅತ್ತೆ ಪಿಸುಗುಟ್ಟಿದರು. "ಗೆದ್ದ ಖುಷಿಗೆ ಲೋಟ ತೊಳೀತಿದಾನೆ. ಇನ್ನೊಂದು ತಿಂಗಳು ಬಿಟ್ರೆ ತಟ್ಟೆಗೂ ಬರ್ತಾನೆ!"

ಭಾನುವಾರ ಆಫೀಸಿನವರೆಲ್ಲ ತುಂಬಿ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ.

"ಅತ್ತಿಗೆ, ಅಣ್ಣ ಇವತ್ತು ಕಣ್ಣು ಮುಚ್ಚಿ ಆಡ್ತಾರಂತೆ!" ಎಂದ ಅವರಲ್ಲೊಬ್ಬ.

"ತಾರೇ ನಿನ್ನ ಬಡಪಾಯೀನ!" ಗಂಡ ಕೂಗಿದ.

ಮೇಡಂ ಕೋಣೆಯ ಬಾಗಿಲು ಹಾಕಿಕೊಂಡಳು. ಹೊರಗೆ ಶಿಳ್ಳೆ ಕೇಳುತ್ತಿತ್ತು. ಮೈನಸ್ ಹಾಕಿದರೆ ಆ ಶಿಳ್ಳೆ ಇನ್ನು ಮನೆಯಲ್ಲಿ ಕೇಳದು. ಹಾಕದಿದ್ದರೆ ಲ್ಯಾಪ್‌ಟಾಪ್ ನಾದಿನಿಯ ಪಾಲು.

ಮೈನಸ್ ಒತ್ತಿದಳು. ರೋಷಕ್ಕೆ ಇನ್ನೊಂದು ಸಲ ಒತ್ತಲು ಹೊರಟ ಬೆರಳನ್ನು ತಟ್ಟನೆ ಹಿಂದಕ್ಕೆಳೆದುಕೊಂಡಳು. ಎರಡು ಮೈನಸ್ ಸೇರಿದರೆ ಮತ್ತೆ ಅದೇ ಮರ್ಯಾದೆ!