ಪೆನ್ನೈನ್ ಬೆಟ್ಟಕ್ಕೆ ರೈಲು, ಕಾರು ಮತ್ತು ನಮ್ಮಕ್ಕ

ನಮ್ಮ ಮನೆಯವರ ಜೊತೆ ಎಲ್ಲಿಗೇ ಹೊರಟರೂ ನೆಟ್ಟಗೆ ಹೋಗಿ ನೆಟ್ಟಗೆ ಬಂದೆವು ಅನ್ನುವ ಹಾಗೇ ಇಲ್ಲ. ಚನ್ನಗಿರಿಯಿಂದ ದಾವಣಗೆರೆಗೆ ಸೀರೆ ತರಲು ಹೋದರೂ ಒಂದು ಕಥೆ ಆಗುತ್ತದೆ. ಹಾಗಿರುವಾಗ ಇಂಗ್ಲೆಂಡಿಗೆ ಹೋಗಿ ಸುಮ್ಮನೆ ಬರುತ್ತೇವೆಯೇ?

ಅವರದು ಚನ್ನಗಿರಿಯಲ್ಲಿ ಡ್ರೈವಿಂಗ್ ಸ್ಕೂಲು. ತಾಲ್ಲೂಕಿನಲ್ಲಿ ಸ್ಟೇರಿಂಗ್ ಹಿಡಿದವರಲ್ಲಿ ಅರ್ಧ ಜನ ಅವರ ಕೈಲಿ ಬೈಸಿಕೊಂಡೇ ಕಲಿತವರು. ನಾನು ನ್ಯಾಮತಿಯ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ವರ್ಷ ವರ್ಷವೂ ಗೋಡೆಯ ಮ್ಯಾಪಿಗೆ ಕೋಲು ಹಚ್ಚಿ, "ಇದು ಪೆನ್ನೈನ್ ಬೆಟ್ಟಸಾಲು, ಇಂಗ್ಲೆಂಡಿನ ಬೆನ್ನೆಲುಬು" ಎನ್ನುತ್ತಿದ್ದೆ. ರಿಟೈರ್ ಆದ ದಿನ ಆ ಮ್ಯಾಪ್ ಸುತ್ತಿ ಬೀರುವಿನಲ್ಲಿ ಇಡುವಾಗ, ಇಷ್ಟು ದೊಡ್ಡ ಪ್ರಪಂಚವನ್ನು ನಾನು ಬರೀ ಕೋಲಿನ ತುದಿಯಲ್ಲಿ ನೋಡಿದೆನಲ್ಲ ಅನ್ನಿಸಿತು. ಆ ಬೆಟ್ಟದ ಮೇಲೆ ಒಂದು ಸಲ ನಿಲ್ಲಲೇಬೇಕು ಅಂತ ಹಟಕ್ಕೆ ಬಿದ್ದೆ.

ನಮ್ಮ ತವರು ಹೊನ್ನಾಳಿ. ಅಕ್ಕನನ್ನು ಜಗಳೂರಿನ ಕಡೆ ಕೊಟ್ಟಿದ್ದು. ಅವಳ ಮನೆಯಲ್ಲಿ ಕುರಿ ಮಂದೆ ಇದೆ. ಸುದ್ದಿ ಕೇಳಿ ಫೋನ್ ಮಾಡಿದಳು.

"ಅಲ್ಲೇನೈತೆ?"

"ಬೆಟ್ಟ, ಹುಲ್ಲು, ಕುರಿ."

"ಕುರಿ ನೋಡಾಕೆ ಅಷ್ಟು ದೂರ ಹೊಂಟೀಯಾ? ಹಂಗಾದ್ರೆ ನಾನೂ ಬರ್ತೀನಿ."

ಲಂಡನ್ನಿನಿಂದ ರೈಲು, ಹಳ್ಳಿಗಾಡು ಶುರುವಾಗುವ ಕಡೆ ಇಳಿದು ಬಾಡಿಗೆ ಕಾರು, ಹೀಗೆ ಲೆಕ್ಕ ಹಾಕಿದೆ. "ನಾನಿರಾಗ ರೈಲು ಯಾಕೆ?" ಅಂತ ನಮ್ಮವರು ಗುರ್ ಅಂದರು. ಲಂಡನ್ನಿನ ಟ್ರಾಫಿಕ್ಕು ನೋಡಿ ಸುಮ್ಮನಾದರು.

ಟವೆಲ್ಲು

ಲಂಡನ್ನಿನ ಸ್ಟೇಷನ್ನಿನೊಳಗೆ ಕಾಲಿಟ್ಟರೆ, ನೂರಾರು ಜನ ಕತ್ತೆತ್ತಿ ಮೇಲೆ ನೋಡುತ್ತಾ ನಿಂತಿದ್ದಾರೆ. ಒಬ್ಬರೂ ಮಾತಾಡುವುದಿಲ್ಲ. ಮೇಲೆ ಗಾಜಿನ ಚಾವಣಿ, ಅದರಿಂದ ಇಳಿಯುವ ಬೆಳಕು. ಅಕ್ಕ ತಲೆ ಮೇಲೆ ಸೆರಗು ಎಳೆದುಕೊಂಡು ಮೆಲ್ಲಗೆ, "ಮಂಗಳಾರತಿ ಯಾವಾಗ?" ಅಂದಳು.

ಅವರೆಲ್ಲ ನೋಡುತ್ತಿದ್ದದ್ದು ಬೋರ್ಡನ್ನು. ಯಾವ ರೈಲು ಯಾವ ಪ್ಲಾಟ್‌ಫಾರ್ಮಿಗೆ ಅಂತ ಹೊರಡುವ ಕೊಂಚ ಮುಂಚೆಯಷ್ಟೇ ಅದರಲ್ಲಿ ಹಾಕುತ್ತಾರೆ. ನಮ್ಮ ರೈಲಿನ ನಂಬರು ಬಿದ್ದದ್ದೇ ತಡ, ಅಷ್ಟು ಹೊತ್ತು ಮೌನವ್ರತದಲ್ಲಿದ್ದ ಜನ ಒಂದೇ ಸಲ ಓಟ ಕಿತ್ತರು. ನಮ್ಮವರ ಮುಖ ಅರಳಿತು. "ಇದು ನಮ್ಮ ಬಸ್‌ಸ್ಟ್ಯಾಂಡೇ ಕಣೇ!" ಅಂದವರೇ ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು, ಕಿಟಕಿಯಿಂದ ಸೀಟಿಗೆ ಎಸೆಯಲು ಓಡಿದರು. "ರೀ, ಸೀಟು ರಿಸರ್ವ್ ಆಗಿದೆ!" ಅಂತ ನಾನು ಹಿಂದಿನಿಂದ ಕೂಗಿದ್ದು ಅವರಿಗೆಲ್ಲಿ ಕೇಳಬೇಕು?

ಕಿಟಕಿಗಳೆಲ್ಲ ಪೂರ್ತಿ ಗಾಜು, ತೆಗೆಯಲು ಬರುವುದಿಲ್ಲ. ನಮ್ಮವರು ಗಾಜು ಬಡಿದು, ಒಳಗೆ ಕೂತಿದ್ದ ಮುದುಕರೊಬ್ಬರಿಗೆ ಸೀಟು ಹಿಡಿಯಿರಿ ಅಂತ ಟವೆಲ್ ಬೀಸಿ ಸನ್ನೆ ಮಾಡಿದರು. ಯಾರೋ ಪಾಪ ಬೀಳ್ಕೊಡಲು ಬಂದಿದ್ದಾರೆ ಅಂದುಕೊಂಡ ಆ ಮುದುಕರು ಕಣ್ಣು ತೇವ ಮಾಡಿಕೊಂಡು, ಜೇಬಿನಿಂದ ಕರ್ಚೀಪು ತೆಗೆದು ತಾವೂ ಬೀಸಿದರು. ಇವರು ಬೀಸಿದಷ್ಟೂ ಅವರು ಬೀಸಿದರು.

ನಾವು ಒಳಗೆ ಹೋಗಿ ನೋಡಿದರೆ ನಮ್ಮ ಸೀಟು ಸರಿಯಾಗಿ ಅವರ ಎದುರಿಗೇ. ಅಷ್ಟು ಪ್ರೀತಿಯಿಂದ ಬೀಳ್ಕೊಟ್ಟವರು ಟವೆಲ್ ಸಮೇತ ಬಂದು ಮುಂದೆ ಕೂತಾಗ ಆ ಮುದುಕರು, "ಹೋಗಿ ಬರ್ತೀನಿ ಅಂತ ನಾನು ಆಗಲೇ ಹೇಳಿದ್ದೆನಲ್ಲ" ಅಂದರು.

ಸದ್ದು ಮಾಡಬಾರದ ಬೋಗಿ

ಆ ಬೋಗಿಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ ಅಂತ ಗಾಜಿನ ಮೇಲೆ ಬರೆದಿತ್ತು. ಟಿಕೆಟ್ ಮಾಡಿಸುವಾಗ ನಾನು ಅದನ್ನು ನೋಡಿರಲಿಲ್ಲ. ಅಕ್ಕ ಬಾಳಿನಲ್ಲಿ ಪಿಸುಮಾತು ಆಡಿದವಳಲ್ಲ. ಬಯಲಲ್ಲಿ ಈ ತುದಿಯಿಂದ ಆ ತುದಿಗೆ ಕೂಗಿ ಬೆಳೆದ ಗಂಟಲು.

ರೈಲು ಹಾವು ಹರಿದ ಹಾಗೆ ಹೋಗುತ್ತಿತ್ತು. ಹೊರಗೆ ಎಲ್ಲಿ ನೋಡಿದರೂ ಹಸಿರು. ಅಕ್ಕ ಹಣೆಯನ್ನು ಗಾಜಿಗೆ ಒತ್ತಿ, ಬಾಯಿಗೆ ಸೆರಗು ಇಟ್ಟುಕೊಂಡು ಕೂತಿದ್ದಳು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಜಗಳೂರಿನಿಂದ ಭಾವ. ಅಲ್ಲಿ ಸಂಜೆ, ಹಾಲು ಕರೆಯುವ ಹೊತ್ತು. ಅಕ್ಕ ಊರು ಬಿಟ್ಟಾಗಿನಿಂದ ಎಮ್ಮೆ ಹಾಲು ಬಿಡುತ್ತಿಲ್ಲವಂತೆ.

"ನಿನ್ನ ದನಿ ಕೇಳಬೇಕಂತೆ ಅದಕ್ಕೆ. ಫೋನು ಕಿವಿ ಹತ್ರ ಹಿಡೀತೀನಿ, ಮಾತಾಡು" ಅಂದರು ಭಾವ.

ಅಕ್ಕ ಬೋಗಿಯನ್ನೊಮ್ಮೆ ನೋಡಿದಳು, ಗಾಜಿನ ಮೇಲಿನ ಬರಹವನ್ನೊಮ್ಮೆ ನೋಡಿದಳು. ಆಮೇಲೆ ಶುರು ಮಾಡಿದಳು. "ಗೌರೀ... ಯಾಕವ್ವ ಹಟ ಮಾಡ್ತೀ? ನಾನು ಬರ್ತೀನವ್ವ. ಕಾಲು ಎತ್ತಬ್ಯಾಡ ನನ್ನವ್ವ. ಹಿಂಡಿ ಹಾಕ್ತಾರೆ, ತಿನ್ನು..." ಹೇಳುತ್ತಾ ಹೇಳುತ್ತಾ ಅವಳಿಗೇ ಅಳು ಬಂತು. ಬೋಗಿಯ ಜನ ಪುಸ್ತಕ ಕೆಳಗಿಟ್ಟರು. ಒಬ್ಬರೂ ಶ್ ಅನ್ನಲಿಲ್ಲ.

ಪಕ್ಕದ ಸಾಲಿನ ಅಜ್ಜಿಯೊಬ್ಬರು ನನ್ನ ಕಡೆ ಬಾಗಿ, "ಏನಾಯಿತಮ್ಮಾ?" ಎಂದು ಕೇಳಿದರು.

"ಊರಲ್ಲಿ ಇವಳಿಲ್ಲದೆ ಹಾಲಿನ ವಿಷಯಕ್ಕೆ ಹಟ ಮಾಡ್ತಿದೆ" ಅಂದೆ.

"ಅಯ್ಯೋ, ಪುಟ್ಟ ಜೀವ" ಅಂದರು ಅಜ್ಜಿ.

ಕೊನೆಗೆ ಫೋನಿನಿಂದ ಬಕೀಟಿಗೆ ಹಾಲು ಬೀಳುವ ಸೊರ್ ಸೊರ್ ಸದ್ದು ಬಂತು. ಅಕ್ಕ ಕಣ್ಣೊರೆಸಿಕೊಂಡು ಇಡೀ ಬೋಗಿಗೆ ಕೈ ಮುಗಿದಳು. ಅಜ್ಜಿಗೆ ತಡೆಯಲಾಗಲಿಲ್ಲ. "ಅಂತೂ ಮಗು ಹಾಲು ಕುಡಿಯಿತಾ?"

ಇಷ್ಟು ವರ್ಷ ಮಕ್ಕಳಿಗೆ ನಿಜ ಹೇಳಿ ಅಂತ ಪಾಠ ಮಾಡಿದವಳು ನಾನು. "ಕುಡಿಯಲಿಲ್ಲ" ಅಂದೆ. "ಕೊಟ್ಟಿತು."

ಸ್ಟಾರ್ಟ್ ಆಗದ ಗಾಡಿ

ಇಳಿದ ಊರು ಚಿಕ್ಕದು. ಸ್ಟೇಷನ್ನಿನ ಮಗ್ಗುಲಲ್ಲೇ ಬಾಡಿಗೆ ಕಾರಿನ ಆಫೀಸು. ಅಲ್ಲಿನ ಹೆಣ್ಣುಮಗಳು ಕಾರಿನ ಗೀರು, ತರಚು ತೋರಿಸಲು ಬಂದರೆ, ನಮ್ಮವರು ಅವಳಿಗಿಂತ ಮುಂಚೆ ಟೈರು ಒದ್ದು, ಬಾನೆಟ್ಟು ತಟ್ಟಿ, ಬಗ್ಗಿ ಕೆಳಗೆಲ್ಲ ನೋಡಿದರು. "ಎಷ್ಟು ವರ್ಷದಿಂದ ಓಡಿಸ್ತಿದ್ದೀರಿ?" ಎಂದು ಅವಳು ಕೇಳಿದ್ದಕ್ಕೆ, "ಓಡಿಸಾಕೆ ಕಲಿಸ್ತೀನಿ ಅಂತ ಹೇಳು" ಎಂದು ನನ್ನ ಕಡೆ ತಿರುಗಿದರು.

ಅದು ಕರೆಂಟಿನ ಕಾರು. ಬೀಗದ ಕೈ ತೂರಿಸಲು ತೂತಿಲ್ಲ, ಎಳೆಯಲು ಹ್ಯಾಂಡ್‌ಬ್ರೇಕಿಲ್ಲ, ಗೇರಿನ ಜಾಗದಲ್ಲಿ ಒಂದು ಗುಂಡಿ. ನಮ್ಮವರು ಬಟನ್ ಒತ್ತಿ ಕಿವಿಗೊಟ್ಟರು. ಸದ್ದಿಲ್ಲ. ಮತ್ತೆ ಒತ್ತಿದರು. ಸದ್ದಿಲ್ಲ. ಒತ್ತಿದಾಗೊಮ್ಮೆ ಆನ್ ಆಗಿ, ಮತ್ತೆ ಒತ್ತಿದಾಗ ಆಫ್ ಆಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಗುಂಡಿಯನ್ನೂ ಒಂದಿಷ್ಟು ಆ ಕಡೆ ಈ ಕಡೆ ತಿರುಗಿಸಿದರು. ಬೆವರು ಕಿತ್ತುಕೊಂಡಿತು.

"ಬ್ಯಾಟರಿ ಹೋಗೈತೆ. ಆಕೀಗೆ ಬೇರೆ ಗಾಡಿ ಕೊಡಾಕೆ ಹೇಳು. ಇದು ಸ್ಟಾರ್ಟ್ ಆಗಾಕಿಲ್ಲ. ನಾನು ಇಂಥವು ಎಷ್ಟು ನೋಡಿಲ್ಲ..."

ಅಕ್ಕ ಹಿಂದಿನ ಸೀಟಿನಿಂದ, "ಅಲ್ಲಾ, ಆ ಹೆಣ್ಣುಮಗಳು ಯಾಕೆ ಹಿಂದಕ್ಕೆ ಹೊಂಟಾಳೆ?" ಅಂದಳು.

ಹಿಂದಕ್ಕೆ ಹೋಗುತ್ತಿದ್ದದ್ದು ಅವಳಲ್ಲ. ಸ್ಟಾರ್ಟೇ ಆಗದ ನಮ್ಮ ಗಾಡಿ ಗೇಟು ದಾಟಿ ರಸ್ತೆಗೆ ಬಂದಿತ್ತು.

ಒಂದು ಬೆರಳಿನ ಮರ್ಯಾದೆ

ಅಲ್ಲಿಯೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು. ಆದರೆ ಹಳ್ಳಿಯ ದಾರಿಗೆ ಎಡ ಬಲ ಅನ್ನುವಷ್ಟು ಅಗಲ ಎಲ್ಲಿದೆ? ಎರಡೂ ಮಗ್ಗುಲಲ್ಲಿ ಆಳೆತ್ತರದ ಬೇಲಿ, ಇಲ್ಲವೇ ಸುಣ್ಣ ಗಾರೆ ಇಲ್ಲದೆ ಜೋಡಿಸಿದ ಕಲ್ಲಿನ ಗೋಡೆ. ನಡುವೆ ಒಂದೇ ಗಾಡಿಗೆ ಜಾಗ. ಎದುರಿಗೆ ಇನ್ನೊಂದು ಬಂದರೆ ಯಾರಾದರೊಬ್ಬರು ಹಿಂದೆ ಸರಿಯಬೇಕು. ಯಾರೂ ಹಾರನ್ ಹೊಡೆಯುವುದಿಲ್ಲ. ದಾರಿ ಬಿಟ್ಟವರಿಗೆ ಸ್ಟೇರಿಂಗಿನಿಂದ ಒಂದು ಬೆರಳೆತ್ತಿ ಮರ್ಯಾದೆ ತೋರಿಸುತ್ತಾರೆ, ಅಷ್ಟೇ.

ಅದನ್ನು ಕಂಡು ನಮ್ಮವರು ಬೆರಗಾದರು. "ನೋಡೇ, ಒಬ್ಬನೂ ಬೈಯಲಿಲ್ಲ!" ಎಂದು ಪ್ರತಿ ತಿರುವಿಗೂ ಹೇಳಿದರು. ಒಂದು ಬೆರಳು ಎತ್ತುವುದು ನಮ್ಮ ಕಡೆಯ ಮರ್ಯಾದೆಗೆ ಕಮ್ಮಿ ಆಯಿತು ಅಂತ ಅವರು ಎರಡೂ ಕೈ ಬಿಟ್ಟು ನಮಸ್ಕಾರ ಮಾಡಲು ಶುರು ಮಾಡಿದ ಮೇಲೆ, ಪ್ರತಿ ನಮಸ್ಕಾರಕ್ಕೂ ಅಕ್ಕ ಹಿಂದಿನಿಂದ ಎಲ್ಲಾ ದೇವರನ್ನೂ ಕರೆದಳು.

ಒಂದು ಇಳಿಜಾರಿನಲ್ಲಿ ಹಳೇ ಕಾರೊಂದು ಎದುರಾಯಿತು. ನಮ್ಮವರು, ಈ ಸಲ ನಾವೇ ದಾರಿ ಬಿಡೋಣ ಎಂದು ಹಿಂದೆ ಸರಿದರು. ಆ ಕಡೆಯವರೂ ಅದೇ ಹೊತ್ತಿಗೆ ಹಿಂದೆ ಸರಿದರು. ಇವರು ನಿಂತು, ಬನ್ನಿ ಅಂತ ಕೈ ಮಾಡಿದರು. ಅವರೂ ನಿಂತು, ಬನ್ನಿ ಅಂತ ಕೈ ಮಾಡಿದರು. ಇಬ್ಬರೂ ಬರಲಿಲ್ಲ. ಇವರು ಇನ್ನಷ್ಟು ಹಿಂದೆ ಹೋದರು. ಅವರೂ ಹೋದರು. ಮರ್ಯಾದೆ ಹೆಚ್ಚಾದಂತೆ ದೂರವೂ ಹೆಚ್ಚಾಗಿ, ಕೊನೆಗೆ ಆ ಕಾರು ತಿರುವಿನ ಆಚೆ ಕಾಣದ ಹಾಗಾಯಿತು.

"ಪಾಪ" ಅಂದಳು ಅಕ್ಕ, "ನಿಮ್ಮ ಡ್ರೈವಿಂಗು ಅವರಿಗೂ ಗೊತ್ತಾಗೈತೆ."

ಕೆರೆಯ ಹೆಸರು

ಮರುದಿನ ಕಾರು ಕೆಳಗೆ ನಿಲ್ಲಿಸಿ ಬೆಟ್ಟ ಹತ್ತಿದೆವು. ಮೇಲೆ ಗಾಳಿ ಬಿಟ್ಟರೆ ಬೇರೆ ಸದ್ದೇ ಇಲ್ಲ. ಬೆಟ್ಟದ ಮೇಲೆ ಬೆಟ್ಟ, ಅವುಗಳ ಬೆನ್ನ ಮೇಲೆ ಕಲ್ಲುಗೋಡೆಗಳು ದಾರ ಎಳೆದ ಹಾಗೆ ಹತ್ತಿ ಇಳಿದು ಮೋಡದೊಳಗೆ ಹೋಗಿದ್ದವು. ಮ್ಯಾಪಿನಲ್ಲಿ ಅದು ಗೇಣುದ್ದದ ಕಂದು ಗೆರೆ. ನಾನು ಕೂತು ಎರಡೂ ಅಂಗೈಯನ್ನು ಹುಲ್ಲಿನ ಮೇಲಿಟ್ಟೆ. ತಣ್ಣಗೆ, ಒದ್ದೆಯಾಗಿ, ನಿಜವಾಗಿ ಇತ್ತು. ನಮ್ಮವರು ಪಕ್ಕದಲ್ಲಿ ಕೂತು, ತಾವೂ ಒಂದು ಅಂಗೈ ಹುಲ್ಲಿನ ಮೇಲಿಟ್ಟರು.

ಕೆಳಗೊಂದು ಕೆರೆ ಹೊಳೆಯುತ್ತಿತ್ತು. ಕೋಲೂರಿಕೊಂಡು ಬಂದ ಅಲ್ಲಿನವರೊಬ್ಬರು, "ನಮ್ಮ ಕೆರೆ ಹೇಗಿದೆ?" ಅಂದರು. ನಮ್ಮವರಿಗೆ ಅಷ್ಟು ಸಾಕಾಯಿತು. "ಚೆನ್ನಾಗೈತೆ. ನಮ್ಮೂರ ಹತ್ರ ಒಂದೈತೆ, ಅದರಾಗೆ ಇಂಥವು ಬೇಕಾದಷ್ಟು ಹಿಡಿಸ್ತವೆ. ಹೇಳೇ ಇವರಿಗೆ" ಅಂದರು. ಹೇಳಿದೆ. ಎಷ್ಟೋ ಕಾಲದಿಂದ ಊರೂರಿನ ಗದ್ದೆಗೆ ನೀರು ಕೊಡುವ ಸೂಳೆಕೆರೆ ಅಂದೆ. ಅವರು ಬೆರಗಾಗಿ, "ಹೆಸರು ಚೆನ್ನಾಗಿದೆ. ಅದರ ಅರ್ಥ ಏನು?" ಎಂದು ಕೇಳಿದರು.

ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ನಮ್ಮವರು ಆಕಾಶ ನೋಡಿದರು. ಅಕ್ಕ ಹುಲ್ಲು ನೋಡಿದಳು. ನಾನು ಗಂಟಲು ಸರಿ ಮಾಡಿಕೊಂಡು, ಆ ಕೆರೆಗಿರುವ ಇನ್ನೊಂದು ಹೆಸರನ್ನು ಹಿಡಿದುಕೊಂಡು, "ಶಾಂತಿಸಾಗರ" ಅಂದೆ.

ನಿಮ್ಮದು ಯಾವುದು?

ಕೊನೆಯ ದಿನ. ಕಾರು ಒಪ್ಪಿಸಿ ರೈಲು ಹಿಡಿಯಬೇಕು. ರೈಲು ತಪ್ಪಿದರೆ ವಿಮಾನವೂ ತಪ್ಪುತ್ತದೆ. ಅಂಥದ್ದರಲ್ಲಿ ಅಕ್ಕ, "ಕುರಿ ಹತ್ರದಿಂದ ನೋಡೇ ಇಲ್ಲ. ಒಂದು ಗಳಿಗೆ ನಿಲ್ಸಿ" ಅಂದಳು. ಅವಳು ಅಷ್ಟು ದೂರ ಬಂದದ್ದೇ ಅದಕ್ಕೆ. ನಿಲ್ಲಿಸದೆ ಹೇಗಿರುವುದು?

ಆ ಜಾಗದಲ್ಲಿ ಬೇಲಿ ಇರಲಿಲ್ಲ. ಗುಡ್ಡದ ತುಂಬ ಕುರಿ, ಬಿಳಿ ಮೈ, ಕರಿ ಮುಖ. ಕಾಯುವವರು ಒಬ್ಬರೂ ಇಲ್ಲ. "ತೋಳ ಇಲ್ವಾ? ಕಳ್ಳರಿಲ್ವಾ?" ಎಂದು ಅಕ್ಕ ಬೆರಗಾಗಿ ಕೇಳುತ್ತಾ, ಹಸಿವಾಗಿ ಚೀಲದಿಂದ ಮಂಡಕ್ಕಿಯ ಪ್ಲಾಸ್ಟಿಕ್ ಕವರು ತೆಗೆದಳು. ಕವರು ಚರಚರ ಅಂದಿತು, ಅಷ್ಟೇ. ಆ ಸದ್ದು ಅಂದರೆ ಮೇವು ಬಂತು ಅಂತ ಆ ಕುರಿಗಳಿಗೆ ರೂಢಿಯಂತೆ. ಇಡೀ ಗುಡ್ಡ ಎದ್ದು ನಮ್ಮ ಮೇಲೆ ಬಂತು.

ನಾನೂ ಅಕ್ಕನೂ ಕಾರಿನೊಳಗೆ ಹಾರಿಕೊಂಡೆವು. ನಮ್ಮವರು ಮಾತ್ರ ಹೊರಗೆ ಸಿಕ್ಕಿಬಿದ್ದರು. ಆವತ್ತಿನ ಚಳಿಗೆ ಅವರು ಅಕ್ಕನ ಬಿಳಿ ಕಂಬಳಿ ಮೈತುಂಬ ಹೊದ್ದು, ಮುಖಕ್ಕೆ ಕರಿ ಮಫ್ಲರ್ ಸುತ್ತಿದ್ದರು. ಸುತ್ತ ಕುರಿ, ನಡುವೆ ಇವರು. "ಹಾರನ್ ಹೊಡಿಯೇ!" ಎಂದು ಕೂಗಿದರು. ಹೊಡೆದೆ. ಇನ್ನಷ್ಟು ಕುರಿ ಬಂದವು.

ಅಷ್ಟರಲ್ಲಿ ನಾಲ್ಕು ಗಾಲಿಯ ಬೈಕಿನಲ್ಲಿ ರೈತನೊಬ್ಬ ಬಂದ. ಹಿಂದೆ ಕಪ್ಪು ಬಿಳುಪಿನ ನಾಯಿ. ಅವನು ಒಂದು ಸಿಳ್ಳೆ ಹಾಕಿದ. ನಾಯಿ ನೆಲಕ್ಕೆ ಹೊಟ್ಟೆ ಹಚ್ಚಿ, ಬಾಣದ ಹಾಗೆ ಸುತ್ತು ಹೊಡೆಯಿತು. ಬೊಗಳಲಿಲ್ಲ, ಕಚ್ಚಲಿಲ್ಲ, ಬರೀ ದಿಟ್ಟಿಸಿತು. ಚೆಲ್ಲಾಪಿಲ್ಲಿಯಾಗಿದ್ದ ಮಂದೆ ಮುಷ್ಟಿ ಮುಚ್ಚಿದ ಹಾಗೆ ಕೂಡಿಕೊಂಡಿತು. ಮದುವೆಯಾದಾಗಿನಿಂದ ಕುರಿಯ ಜೊತೆ ಬದುಕಿದ ಅಕ್ಕ ಗಾಜಿಗೆ ಮುಖ ಒತ್ತಿ ಉಸಿರೇ ಬಿಡಲಿಲ್ಲ. "ಇದು ನಾಯಲ್ಲವ್ವ" ಅಂದಳು, "ಹೆಡ್‌ಮಾಸ್ತರು."

ನಮ್ಮವರು ಮಂದೆಯಿಂದ ಹೊರಗೆ ಬರಲು ಎಡಕ್ಕೆ ಹೆಜ್ಜೆ ಇಟ್ಟರು. ನಾಯಿ ಎಡಕ್ಕೆ ಬಂದು ದಿಟ್ಟಿಸಿತು. ಬಲಕ್ಕೆ ಹೋದರು. ನಾಯಿ ಬಲಕ್ಕೂ ಬಂತು. "ಏಯ್, ನಾನು ಮನುಷ್ಯ!" ಅಂದರು. ನಾಯಿ ಒಪ್ಪಲಿಲ್ಲ. ತಾಲ್ಲೂಕಿಗೇ ದಾರಿ ಹೇಳಿಕೊಟ್ಟ ಮನುಷ್ಯ ತಲೆ ತಗ್ಗಿಸಿಕೊಂಡು, ಕುರಿಗಳ ನಡುವೆ ಸಾಲು ತಪ್ಪದೆ, ಕಲ್ಲಿನ ದೊಡ್ಡಿಯೊಳಗೆ ಹೋದರು. ಹಿಂದೆ ಗೇಟು ಬಿತ್ತು.

ಆಮೇಲೆ ಆ ರೈತನೇ ಒಳದಾರಿಯಲ್ಲಿ ಮುಂದೆ ಹೋಗಿ ನಮ್ಮನ್ನು ಸರಿಯಾದ ಹೊತ್ತಿಗೆ ಊರು ಮುಟ್ಟಿಸಿದ. ಆದರೆ ಅದಕ್ಕೆ ಮುಂಚೆ, ಗೇಟಿನ ಅಗುಳಿ ಹಿಡಿದು, ನಗು ತಡೆದು ತಡೆದು ಕೆಂಪಗಾಗಿ, "ಅಮ್ಮಾ, ಇದರಲ್ಲಿ ನಿಮ್ಮದು ಯಾವುದು?" ಎಂದು ಕೇಳಿದ.

ನಗು ಉಕ್ಕಿ ನಾನು ಹೊಟ್ಟೆ ಹಿಡಿದುಕೊಂಡೆ. ಇಂಗ್ಲಿಷ್ ಒಂದಕ್ಷರ ಬಾರದ ಅಕ್ಕನಿಗೆ ಆ ಪ್ರಶ್ನೆ ಹೇಗೆ ಅರ್ಥವಾಯಿತೋ, ದೊಡ್ಡಿಯೊಳಗೆ ಬೆರಳು ಮಾಡಿ ಹೇಳಿದಳು:

"ಅಗಾ, ಮಫ್ಲರ್ ಹಾಕ್ಕೊಂಡಿರೋದು."